ಹೈದರಾಬಾದಿಗೆ ಗೈಡ್ ಬೇಕೇ?

ಶಹಾಪುರ, ನವೆಂಬರ್ ೧೪, ಶುಕ್ರವಾರ

ಹೈದರಾಬಾದ್ ಪ್ರವಾಸದ ಜಗಳ ಇವತ್ತೂ ಮುಗಿಯಲಿಲ್ಲ. ಗೈಡ್ ಇರುವ ಬಸ್ಸಿನಲ್ಲೇ ಹೋಗಬೇಕೆಂದು ನನ್ನ ಗಂಡ ಸಂಗಮನಾಥರ ಹಟ. ಸೀಟಿ ಊದುವವನ ಹಿಂದೆ ಕುರಿಯಂತೆ ಓಡಲಾರೆ ಎಂದೆ. ಮದುವೆಯಾದ ಮೇಲೆ ಇದೇ ಮೊದಲ ಪ್ರವಾಸ, ಚಾರ್‌ಮಿನಾರ್ ಹತ್ತಿರದ ಬಳೆ ಅಂಗಡಿಗಳಲ್ಲಿ ನಾನು ಮನಸಾರೆ ನಿಲ್ಲಬೇಕು.

“ದಾರಿ ತಪ್ಪಿದ್ರ ಯಾರಿಗೆ ಕೇಳ್ತಿ? ನಿನಗ ಉರ್ದು ಬರಂಗಿಲ್ಲ,” ಎಂದರು.

ರೊಟ್ಟಿ ಬಡಿಯುತ್ತಿದ್ದ ಅತ್ತೆ ಸೂಗಮ್ಮ ತಲೆ ಎತ್ತಿದರು. “ನನಗ ಬರ್ತದಲ್ಲ. ಅಕಿ ಜೋಡಿ ನಾ ಹೋಗ್ತೀನಿ. ನೀ ನಿನ್ನ ಗೈಡ್ ಜೋಡಿ ಹೋಗು.”

ಇವರು ಎರಡೇ ರೊಟ್ಟಿ ಉಂಡು ಎದ್ದರು. ಈಗ ಹಾಸಿಗೆಯಿಂದ ಮೆಲ್ಲಗೆ, “ನಿಮ್ಮ ಜೋಡಿ ನಾನೂ ಬರ್ಲೇನ?” ಎಂದು ಕೇಳಿದರು.

“ಅತ್ತಿಯವರಿಗೆ ಕೇಳಿ ಹೇಳ್ತೀನ್ರಿ,” ಎಂದೆ.

ಮುನಿಸಿಕೊಂಡು ಮಗ್ಗುಲು ಬದಲಿಸಿದ್ದಾರೆ. ಪಾಪ, ಬೆಳಿಗ್ಗೆ ಹೂಂ ಎನ್ನಬೇಕು. ಆದರೆ ಚಹಾ ಕುಡಿದ ಮೇಲೆ, ಅಲ್ಲಿಯವರೆಗೆ ಕಾಯಲಿ.