ಗಿರಣಿಯೊಳಗಿನ ತೊಟ್ಟಿಲು

ವಿಜಯಪುರ, ಸೋಮವಾರ

ಸೊಸೆ ಸುಮಂಗಲಾಳಿಗೆ ಅತ್ತೆಯ ಆಶೀರ್ವಾದ.

ಬಸ್ ಸ್ಟ್ಯಾಂಡಿನ ಭಜಿ ತಿಂದು, ಮಗಳು ಶೈಲಾಳ ಮನೆ ಸೇರುವಷ್ಟರಲ್ಲಿ ನನಗೆ ಭೇದಿ ಶುರುವಾಯಿತು. ದವಾಖಾನೆಯಲ್ಲಿ ನನ್ನ ಹೆಸರನ್ನು ಮೂರು ಸಲ ಕೂಗಿದರಂತೆ, ನನಗೆ ಕೇಳಿಸಲಿಲ್ಲ. ಅದಕ್ಕೆ ಡಾಕ್ಟರು ಕಿವಿಯನ್ನೂ ಪರೀಕ್ಷೆ ಮಾಡಿಸಿದರು. ಕಪಾಟಿನಂಥ ಕೋಣೆಯಲ್ಲಿ ಕೂಡಿಸಿ, ಸಪ್ಪಳ ಬಂದಾಗ ಗುಂಡಿ ಒತ್ತಬೇಕು ಎಂದರು. ಬಹಳ ಹೊತ್ತು ಕಾದರೂ ಯಾವ ಸಪ್ಪಳವೂ ಬರಲಿಲ್ಲ. "ನಿಮ್ಮ ಮಷೀನ ಕೆಟ್ಟೈತಿ, ಮೊದಲ ಅದಕ್ಕ ಔಷಧ ಕೊಡ್ರಿ" ಎಂದೆ. ಅಲ್ಲಿದ್ದ ಹುಡುಗಿ ಕಿವಿಯ ಹತ್ತಿರ ಬಂದು, "ಮಷೀನ ಚಲೋ ಐತ್ರಿ ಆಯಿ. ಸಪ್ಪಳ ಬರಾಕತ್ತೈತಿ, ನಿಮಗ ಕೇಳವಲ್ದು" ಎಂದು ಕೂಗಿದಳು.

ಮೂವತ್ತು ವರ್ಷ ನಮ್ಮ ಹಿಟ್ಟಿನ ಗಿರಣಿಯ ಸಪ್ಪಳದಲ್ಲಿ ಕುಳಿತು ಹೀಗಾಗಿದೆ, ಹೋದ ಕಿವಿ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ನೀನು ಬಾಯೊಳಗೇ ಮಾತಾಡುತ್ತೀ ಎಂದು ನಾನು ಬೈಯುತ್ತಿದ್ದೆ. ಫೋನಿನಲ್ಲೂ ಏನೂ ತಿಳಿಯದು, ಅದಕ್ಕೇ ಈ ಕಾರ್ಡು.

ಭೇದಿ ನಿಂತಿದೆ. ಓಆರ್‌ಎಸ್ ಪುಡಿಯ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತೇನೆ, ಮೆತ್ತಗಿನ ಮೊಸರನ್ನ ಉಣ್ಣುತ್ತೇನೆ. ಖಾರ ಮುಟ್ಟಿಲ್ಲ.

ಕಾರ್ಡು ಮುಟ್ಟಿದ ದಿನವೇ ನಿನ್ನ ಕೂಸಿನ ತೊಟ್ಟಿಲನ್ನು ಗಿರಣಿಯಿಂದ ಬಿಚ್ಚಿ ನಡುಮನೆಯಲ್ಲಿ ಕಟ್ಟು. ಗಿರಣಿಯ ಸಪ್ಪಳಕ್ಕೆ ಕೂಸು ಗಾಢವಾಗಿ ಮಲಗುತ್ತದೆ ಎಂದು ಅಲ್ಲಿ ಕಟ್ಟಿಸಿದವಳು ನಾನೇ. ಶೈಲಾಳೂ ಅಲ್ಲೇ ಮಲಗಿ ಬೆಳೆದಳು. ಅವಳಿಗೂ ಈಗ ಒಂದೇ ಮಾತನ್ನು ತಿರುತಿರುಗಿ ಹೇಳಿದರೇ ಕೇಳಿಸುತ್ತದೆ.

ಅಲ್ಲಿ ಬೇಡ ಎಂದು ನೀನು ಎರಡು ಸಲ ಹೇಳಿದ್ದೆ. ಅದು ನನಗೆ ಕೇಳಿಸಿತ್ತು.

ಗುರುಸಿದ್ದವ್ವ