ಎತ್ತಿ ಹಿಡಿದ ಹುಟ್ಟು

ಅಪ್ಪಾ,

ನೀನಿಲ್ಲದೆ ನಿನ್ನ ದೋಣಿಯೊಂದೇ ದಡಕ್ಕೆ ಬಂದಾಗಿನಿಂದ, ಮಂಜು ಕವಿದರೆ ಸಾಕು, ಕಂಡ ದೋಣಿಯೆಲ್ಲ ನಿನ್ನದೇ ಅನ್ನಿಸುತ್ತದೆ. ಇವತ್ತು ಬೆಳಗ್ಗೆ ನಮ್ಮ ನೌಕಾಪಡೆಯ ಗಸ್ತು ಹಡಗು ಒಂದು ಮೀನುದೋಣಿಯ ಹತ್ತಿರ ಹೋಯಿತು. ನಾವು ಕೂಗುವ ಮೊದಲೇ ಅದರಲ್ಲಿದ್ದ ಮುದುಕರು ಎಂಜಿನ್ ಆರಿಸಿ, ಹುಟ್ಟನ್ನು ಎತ್ತಿ ಹಿಡಿದರು. ಬಚ್ಚಿಟ್ಟದ್ದೇನೂ ಇಲ್ಲ ಎನ್ನಲು ನೀನೂ ಹಾಗೇ ಹಿಡಿಯುತ್ತಿದ್ದೆಯಲ್ಲ.

“ಏನಜ್ಜ, ಒಬ್ರೇ ಬಂದಿದ್ದೀರಾ?” ಎಂದರು ನಮ್ಮ ಕ್ಯಾಪ್ಟನ್.

“ಮಗ ನಿಮ್ಮ ಹಾಗೇ ಯೂನಿಫಾರ್ಮ್ ಹಾಕ್ಕೊಂಡು ಹೋದ. ಜೊತೆಗಿನ್ಯಾರು ಬರ್ತಾರೆ ಸಾರ್?”

ಎಲ್ಲರೂ ನಕ್ಕರು. ಚುಕ್ಕಾಣಿ ನನ್ನ ಕೈಯಲ್ಲಿತ್ತು. ನಮ್ಮ ಅಲೆ ಆ ದೋಣಿಯನ್ನು ಅಲುಗಿಸದಂತೆ ಹಡಗನ್ನು ಮೆಲ್ಲಗೆ ತಿರುಗಿಸಿದೆ. ಹಿಂದೆ ನೋಡಿದರೆ, ಮಂಜಿನೊಳಗೆ ಆ ಹುಟ್ಟು ಇನ್ನೂ ಮೇಲೆಯೇ ಇತ್ತು.

ಇಳಿಸಿ ಎಂದು ನಾವ್ಯಾರೂ ಹೇಳಿರಲಿಲ್ಲ.