ಚಂದು ಓಗೊಟ್ಟ ಗಳಿಗೆ

ದೇವಣಗಾಂವ
೧೪-೩-೧೯೭೧

ಹಡೆದವ್ವನಿಗೆ ಸಾತವ್ವ ಮಾಡುವ ಶರಣು.

ಮೊದಲು ಇದನ್ನು ಓದಿ ನಿಶ್ಚಿಂತಳಾಗು. ನಿನ್ನ ಮೊಮ್ಮಗ ಚಂದುವಿನ ಜ್ವರ ಇಳಿದಿದೆ. ತೋಳಿನ ಹಕ್ಕಳೆ ನಿನ್ನೆ ತಾನಾಗಿ ಉದುರಿತು. ಇಪ್ಪತ್ತು ದಿನ ಹಿಡಿದ ಉಸಿರನ್ನು ಇವತ್ತು ಬಿಟ್ಟಿದ್ದೇನೆ ಅವ್ವಾ.

ನಮ್ಮ ಅತ್ತೆಯನ್ನು ನೀನು ಬಲ್ಲೆ. ಪಕ್ಕದ ಊರಲ್ಲಿ ಸಿಡುಬು ಎದ್ದರೂ ಸೂಜಿಗೆ ಒಪ್ಪಲಿಲ್ಲ. ನಮ್ಮ ಕಡೆ ಆ ಬೇನೆಗೂ ದೇವಿ ಎನ್ನುತ್ತೇವೆ, ಅದರ ಸೂಜಿ ಚುಚ್ಚುವುದಕ್ಕೂ ದೇವಿ ಹಾಕುವುದು ಎನ್ನುತ್ತೇವೆ. ಅತ್ತೆಗೆ ಎರಡೂ ಒಂದೇ. "ಆಕಿ ತಾನಾಗಿ ಬರಾಕಿ. ಆಕೀನ ಸೂಜ್ಯಾಗ ಹಿಡದು ಹಾಕಾಕ ಇವರ್ಯಾರು?" ಎನ್ನುತ್ತಿದ್ದರು. ಸಿಂದಗಿಯಿಂದ ದೇವಿ ಹಾಕುವ ಬಂದಗಿಸಾಬರು ಬಂದಾಗ ನನ್ನನ್ನೂ ಚಂದುವನ್ನೂ ಜೋಳದ ಕಣಜದ ಹಿಂದೆ ಕೂಡಿಸಿ, ಮನೆಯಲ್ಲಿ ಕೂಸೇ ಇಲ್ಲ ಎಂದುಬಿಟ್ಟರು.

ಬಂದಗಿಸಾಬರು ಹೊರಟವರು ರೂಢಿಯಂತೆ ಅಂಗಳದಲ್ಲಿ ನಿಂತು, "ದೇವಿ ಹಾಕವ್ರು ಬಂದೇವ್ರಿ" ಎಂದು ಇನ್ನೊಮ್ಮೆ ಕೂಗಿದರು. ಆ ಗಳಿಗೆಗೇ ಚಂದು ಕಿಟಾರನೆ ಚೀರಿದ. ಅತ್ತೆ ಕಣಜದ ಹಿಂದೆ ಓಡಿಬಂದರು. "ಹೆಸರು ಕೇಳಿ ಕೂಸು ಓಗೊಟ್ಟಿತು, ಆಕಿ ತಾನಾಗೇ ಕರಿಯಾಕತ್ತಾಳ" ಎಂದು ತಾವೇ ಎತ್ತಿ ತಂದು ಸೂಜಿಗೆ ಅವನ ತೋಳು ಹಿಡಿದರು.

ಆಮೇಲೆ ದೇವಿ ಬಂದ ಮನೆಯಂತೆ ಬಾಗಿಲಿಗೆ ಬೇವಿನ ಸೊಪ್ಪು, ಅಡಿಗೆಗೆ ಒಗ್ಗರಣೆ ಬಂದ್. ಎಂಟನೆಯ ದಿನ ತೋಳು ಬಾತು ಮೈ ಸುಟ್ಟಾಗ ತಪ್ಪೆಲ್ಲ ನನ್ನದೇ ಎನಿಸಿತು. ಅತ್ತೆ ಮಾತ್ರ, "ಬಂದಾಳ, ಹೋಗ್ತಾಳ" ಎಂದು ಧೈರ್ಯವಾಗಿದ್ದರು. ನಿನ್ನೆ ಬಂದಗಿಸಾಬರು ತೋಳು ನೋಡಲು ಬಂದರೆ ಅವರ ಸೂಜಿಯ ಚೀಲಕ್ಕೆ ಮೊಸರನ್ನದ ಎಡೆ! ಪಾಪ, ಅವರು ನಗು ನುಂಗಿಕೊಂಡು ಚೀಲವನ್ನು ಮಣೆಯ ಮೇಲಿಟ್ಟರು.

ಸೂಜಿಯೊಳಗೆ ದೇವಿ ಇದ್ದಾಳೆ ಎಂದು ಅತ್ತೆ, ಬರೀ ಔಷಧ ಎಂದು ಬಂದಗಿಸಾಬರು. ನನಗೆ ಗೊತ್ತಿಲ್ಲ. ನಾನು ಇಬ್ಬರಿಗೂ ಕೈಮುಗಿದೆ. ನೀನು ಬಂದು ಮೊಮ್ಮಗನ ಮುಖ ನೋಡು, ಒಂದೂ ಕಲೆಯಿಲ್ಲ.

ನಿನ್ನ ಮಗಳು,
ಸಾತವ್ವ

ತಾ.ಕ.: ಇದನ್ನು ಓದಿ ಒಲೆಗೆ ಹಾಕು. ಚಂದು ದೇವಿಗೆ ಓಗೊಟ್ಟದ್ದಲ್ಲ, ನಾನು ಅವನ ತೊಡೆ ಚಿವುಟಿದ್ದೆ. ಸಣ್ಣವರಿದ್ದಾಗ ನೀನೂ ನನ್ನನ್ನೂ ತಂಗಿ ಇಂದ್ರಾಳನ್ನೂ ಹೀಗೆಯೇ ಕಣಜದ ಹಿಂದೆ ಅಡಗಿಸಿದ್ದೆಯಲ್ಲ, ಇಬ್ಬರೂ ಪಿಟಕ್ಕೆನ್ನಲಿಲ್ಲ. ಮರುವರ್ಷ ದೇವಿ ಬಂದು ನನ್ನ ಮುಖಕ್ಕೆ ಕಲೆ ಬಿಟ್ಟು ಅವಳನ್ನು ಒಯ್ದಳು. ನಿನ್ನ ಮೇಲೆ ಸಿಟ್ಟಿಲ್ಲ ಅವ್ವಾ. ಅಂದು ಅವಳನ್ನು ಚಿವುಟುವ ಬುದ್ಧಿ ನನಗೂ ಇರಲಿಲ್ಲ.